ಹನ್ನೆರಡು ವರ್ಷದ ನೆಂಟಸ್ತಿಕೆ

ಬ್ಯಾಂಕಾಕಿಗೆ ಬಂದ ಮೊದಲ ವಾರ ಮನೆ ಹುಡುಕ್ಕೊಂಡು ಸುತ್ತುವಾಗ ಒಂದು ಪದ ಮತ್ತೆ ಮತ್ತೆ ಕಿವಿಗೆ ಬೀಳ್ತಿತ್ತು, ಖ್ಯಾಕ್. ಬ್ರೋಕರ್ ಹುಡುಗಿ ಫೋನಲ್ಲಿ ಓನರ್ ಹತ್ರ ಮಾತಾಡ್ತಾ ನಮ್ಮ ಕಡೆ ಒಂದ್ಸಲ ನೋಡಿ ಖ್ಯಾಕ್ ಅಂತಿದ್ಲು, ಆ ಕಡೆಯಿಂದ ಏನೋ ಉತ್ತರ ಬರ್ತಿತ್ತು, ಇವಳು ಫೋನ್ ಇಟ್ಟು ನಗುನಗ್ತಾನೇ ಬೇರೆ ಮನೆ ನೋಡೋಣ ಅಂತಿದ್ಲು. ಮೂರನೇ ಮನೇಲೂ ಹಾಗೇ ಆದಾಗ ನಮ್ಮನೆಯವರು ಬಿಡದೆ ಕೇಳಿದ್ರು. ಪಾಪ, ಸಂಕೋಚದಲ್ಲೇ ಹೇಳಿದ್ಲು, ಇಂಡಿಯಾದವರು ದಿನಾ ಅಡುಗೆ ಮಾಡ್ತಾರೆ, ಮಸಾಲೆ ವಾಸನೆ ಗೋಡೆಗೆ ಹಿಡಿಯುತ್ತೆ, ಅದಕ್ಕೆ ಓನರ್‌ಗೆ ಇಷ್ಟ ಇಲ್ಲ ಅಂತ. 2013ರ ಸೆಪ್ಟೆಂಬರ್ ತಿಂಗಳು, ಹೊರಗೆ ಧೋ ಅಂತ ಮಳೆ. ತೀರ್ಥಹಳ್ಳಿ ಮಳೆ ನೋಡಿ ಬೆಳೆದವಳಿಗೆ ಮಳೆ ಹೊಸದಲ್ಲ, ಆದ್ರೆ ಒಂದು ಊರಿಗೆ ಕಾಲಿಟ್ಟ ಆರನೇ ದಿನಕ್ಕೆ ನಿನ್ನ ಸಾರಿನ ಒಗ್ಗರಣೆ ಇಲ್ಲಿ ಬೇಡ ಅಂತ ಕೇಳಿಸ್ಕೊಳ್ಳೋದು ಹೊಸದು. ಆ ರಾತ್ರಿ ನನಗೆ ಊಟ ಸೇರ್ಲಿಲ್ಲ.

ಆ ಪದದ ಅರ್ಥ ಸರಿಯಾಗಿ ಗೊತ್ತಾಗಿದ್ದು ಮುಂದಿನ ವರ್ಷ, ಥಾಯ್ ಕ್ಲಾಸಿಗೆ ಸೇರಿದ್ಮೇಲೆ. ಇಲ್ಲಿ ಪಾಠ ಹೇಳೋರನ್ನ ಅಜಾನ್ ಅಂತಾರೆ, ನಮ್ಮ ಆಚಾರ್ಯನೇ ಸವೆದು ಸವೆದು ಅಜಾನ್ ಆಗಿರೋದು. ಅವರು ಬೋರ್ಡ್ ಮೇಲೆ ಬರೆದು ವಿವರಿಸಿದ್ರು, ಖ್ಯಾಕ್ ಅಂದ್ರೆ ಅತಿಥಿ, ಚೀನೀ ಮೂಲದ ಪದ ಅಂತ. ಮದುವೆಗೆ ಬಂದವರೂ ಖ್ಯಾಕ್, ಹೋಟೆಲಿಗೆ ಬಂದವರೂ ಖ್ಯಾಕ್, ಹಾಗೇನೇ ಹಿಂದೆ ಹಡಗು ಹತ್ತಿ ವ್ಯಾಪಾರಕ್ಕೆ ಬರ್ತಿದ್ದ ಇಂಡಿಯಾದವರು, ಪರ್ಷಿಯಾದವರು, ಅರಬರು, ಮಲಯರು ಎಲ್ಲಾ ಖ್ಯಾಕ್‌ಗಳೇ. ಸೀಲೋಮ್ ರಸ್ತೇಲಿ 1879ರಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಇದೆಯಲ್ಲ, ಅದಕ್ಕೆ ಇಲ್ಲಿಯವರ ಬಾಯಲ್ಲಿ ವಾಟ್ ಖ್ಯಾಕ್ ಅಂತಲೇ ಹೆಸರು, ನೆಂಟರ ಗುಡಿ. ನನ್ನ ಪರಿಚಯದ ಕೆಲವರಿಗೆ ಈ ಪದ ಕೇಳಿದ್ರೇ ಮೈ ಉರಿಯುತ್ತೆ, ಅದು ಬೈಗುಳ ಅಂತಾರೆ, ಅವರು ಹೇಳೋದು ಪೂರ್ತಿ ತಪ್ಪಲ್ಲ, ಹೇಳೋರ ದನಿ ಹೇಗಿದೆ ಅನ್ನೋದರ ಮೇಲೆ ಹೋಗುತ್ತೆ. ನನಗೆ ಮಾತ್ರ ಅವತ್ತು ಕ್ಲಾಸಲ್ಲಿ ಕೂತಿದ್ದಾಗ ಬೇರೇನೋ ಹೊಳೀತು. ಥಾಯ್ ಭಾಷೇಲಿ ಅತಿಥಿಗೆ ಖ್ಯಾಕ್, ಸಂಬಂಧಿಕರಿಗೆ ಯಾತ್, ಅದು ನಮ್ಮ ಜ್ಞಾತಿ. ಎರಡು ಬೇರೆ ಬೇರೆ ಪದ. ಕನ್ನಡದಲ್ಲಿ ನೆಂಟ ಅಂದ್ರೆ ಮನೆಗೆ ಬಂದವನೂ ಹೌದು, ಸಂಬಂಧಿಕನೂ ಹೌದು. ಇಷ್ಟು ವರ್ಷದಲ್ಲಿ ಈ ಊರಿನ ಜೊತೆ ನನ್ನ ಸಂಬಂಧ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಆ ಒಂದು ಪದದ ಒಳಗೇ ಈ ತುದಿಯಿಂದ ಆ ತುದಿಗೆ ಓಡಾಡಿದೀನಿ ಅಂತ ಹೇಳ್ತೀನಿ.

ಕೊನೆಗೆ ಮನೆ ಸಿಕ್ಕಿದ್ದು ಓನ್ ನುಟ್ ಕಡೆ, ಸುಖುಮ್ವಿತ್ 77ನೇ ಸೋಯ್. ಸೋಯ್ ಅಂದ್ರೆ ಗಲ್ಲಿ, ಆದ್ರೆ ಇಲ್ಲಿಯ ಗಲ್ಲಿಗಳು ಕೆಲವು ಮೈಲಿಗಟ್ಟಲೆ ಉದ್ದ ಇರ್ತವೆ, ಅದರೊಳಗೆ ಮತ್ತೆ ಮರಿ ಗಲ್ಲಿಗಳು, ಗಲ್ಲಿಯ ಬಾಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿರೋ ಮೋಟರ್‌ಸೈಕಲ್ ಟ್ಯಾಕ್ಸಿಯವರು. ಎರಡು ತಿಂಗಳ ಡೆಪಾಸಿಟ್, ಒಂದು ತಿಂಗಳ ಮುಂಗಡ. ಆ ಮನೆ ಬಿಡುವಾಗ ಓನರ್ ಗೋಡೆ ಕಲೆಯ ನೆಪ ಹೇಳಿ ಡೆಪಾಸಿಟ್ಟಲ್ಲಿ ಒಂದು ಬಾತೂ (ಇಲ್ಲಿಯ ದುಡ್ಡಿನ ಹೆಸರು ಬಾತ್) ವಾಪಸ್ ಕೊಡ್ಲಿಲ್ಲ, ಅದು ಬೇರೆ ಕತೆ, ಈಗ ಅದರ ಬಗ್ಗೆ ಬರೆಯೋಕೆ ಮನಸ್ಸಿಲ್ಲ.

ನಾನು ಬೆಂಗಳೂರಲ್ಲಿ ಏಳು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದ್ದವಳು. ಕೆಲಸ ಬಿಟ್ಟು ಬಂದಿದ್ದೆ. ನಮ್ಮನೆಯವರ ವೀಸಾ ಮೇಲೆ ಡಿಪೆಂಡೆಂಟ್ ಆಗಿ ಬಂದವರು ಇಲ್ಲಿ ಕೆಲಸ ಮಾಡೋ ಹಾಗಿಲ್ಲ, ವರ್ಕ್ ಪರ್ಮಿಟ್ ಇಲ್ದೆ ಸಂಬಳ ತಗೊಳ್ಳದೆ ಮಾಡೋ ಕೆಲಸಾನೂ ತಪ್ಪೇ. ಡಿಪೆಂಡೆಂಟ್ ಅನ್ನೋ ಪದವನ್ನ ಪಾಸ್‌ಪೋರ್ಟಲ್ಲಿ ನೋಡಿದಾಗ ಒಂದು ಕಾಗದದ ವಿಷಯ ಅಷ್ಟೇ ಅಂದ್ಕೊಂಡಿದ್ದೆ, ಆದ್ರೆ ಬೆಳಗ್ಗೆ ಎಂಟಕ್ಕೆ ಬಾಗಿಲು ಮುಚ್ಚಿದ ಮೇಲೆ ಸಂಜೆ ಏಳರ ತನಕ ಹನ್ನೊಂದು ಗಂಟೆ ಇರುತ್ತಲ್ಲ, ಅದು ಕಾಗದದ ವಿಷಯ ಅಲ್ಲ. ತರಕಾರಿ ತರೋಕೂ ಭಾಷೆ ಇಲ್ಲ, ಜಗಳಕ್ಕೂ ಭಾಷೆ ಇಲ್ಲ, ಯಾರ ಹತ್ರಾನೂ ಜಗಳ ಆಡದೇ ಒಂದು ತಿಂಗಳು ಕಳೀತು ಅಂತ ಗೊತ್ತಾದಾಗ ನನಗೇ ಭಯ ಆಯ್ತು. ಅಮ್ಮ ಫೋನ್ ಮಾಡಿ ಏನೇ ಮಾಡ್ತಿದೀಯ ಅಂದ್ರೆ ಹೇಳೋಕೆ ಏನೂ ಇರ್ತಿರ್ಲಿಲ್ಲ. ಊರಲ್ಲಿ ಎಲ್ಲರ ಕಣ್ಣಿಗೆ ನಾನು ಫಾರಿನ್‌ನಲ್ಲಿರೋಳು. ಫಾರಿನ್‌ನಲ್ಲಿ ಬೇಜಾರು ಅಂದ್ರೆ ಯಾರು ನಂಬ್ತಾರೆ?

ಅಲ್ಲಿಂದ ನನ್ನನ್ನ ಎತ್ತಿದ್ದು ಗುಳಿಯಪ್ಪ. ನಮ್ಮ ಸೋಯ್ ಬಾಯಲ್ಲಿ ಒಬ್ಬರು ಹೆಂಗಸು ದಿನಾ ಬೆಳಗ್ಗೆ ಗಾಡಿ ಇಟ್ಕೊಂಡು ಖನೋಮ್ ಕ್ರೋಕ್ ಮಾಡ್ತಿದ್ರು, ಐವತ್ತೈದರ ಆಸುಪಾಸಿನ ವಯಸ್ಸು. ಮೊದಲ ಸಲ ಆ ಕಾವಲಿ ನೋಡಿ ನಾನು ಅಲ್ಲೇ ನಿಂತ್ಬಿಟ್ಟೆ, ಸಾಕ್ಷಾತ್ ನಮ್ಮ ಅಜ್ಜಿ ಮನೆ ಗುಳಿಯಪ್ಪದ ಕಾವಲಿ, ಪಡ್ಡಿನ ಕಾವಲಿ ಅಂತೀವಲ್ಲ ಅದೇ, ಗುಂಡಿ ಗುಂಡಿ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಸಕ್ಕರೆ, ಮೇಲೆ ಒಂದಿಷ್ಟು ಜೋಳ ಅಥವಾ ಈರುಳ್ಳಿ ಸೊಪ್ಪು, ಅಂಚು ಗರಿಗರಿ, ಮಧ್ಯ ಮೆತ್ತಗೆ ನಡುಗ್ತಾ ಇರುತ್ತೆ. ಕೈಸನ್ನೆಯಲ್ಲೇ ಇದು ನಮ್ಮಲ್ಲೂ ಇದೆ ಅಂತ ಹೇಳೋಕೆ ಹೋದೆ, ಅವರಿಗೆ ಅರ್ಥ ಆಗ್ಲಿಲ್ಲ, ಮಾರನೇ ದಿನ ಫೋನಲ್ಲಿ ಪಡ್ಡಿನ ಫೋಟೋ ತೋರಿಸಿದೆ, ಬಾಯಿ ತುಂಬಾ ನಕ್ಕು ಪಕ್ಕದ ಹಣ್ಣಿನ ಗಾಡಿಯವಳನ್ನ ಕೂಗಿ ಕರೆದು ತೋರಿಸಿದ್ರು. ಇನ್ನೊಂದು ದಿನ ಅವರ ಮನೇಲಿ ಕಾಯಿ ತುರಿಯೋ ಮಣೆ ನೋಡಿದೆ, ನಮ್ಮ ಹೆರೆಮಣೆ ತರಾನೇ ಮೇಲೆ ಕೂತು ತುರಿಯೋದು, ಅದಕ್ಕೆ ಇಲ್ಲಿ ಹೆಸರು ಕ್ರತಾಯ್, ಅಂದ್ರೆ ಮೊಲ, ಹಳೇ ಕಾಲದವನ್ನ ಮೊಲದ ಆಕಾರದಲ್ಲೇ ಕೆತ್ತುತಿದ್ರಂತೆ. ಒತ್ತುಶಾವಿಗೆಯೂ ಇದೆ ಇಲ್ಲಿ, ಖನೋಮ್ ಚೀನ್ ಅಂತ. ಇವೆಲ್ಲಾ ಯಾರಿಂದ ಯಾರಿಗೆ ಹೋಯ್ತೋ, ತೆಂಗು ಅಕ್ಕಿ ಎರಡೂ ಬೆಳೆಯೋ ಜಾಗದಲ್ಲಿ ಕೈಗಳು ತಾವಾಗೇ ಒಂದೇ ಕೆಲಸ ಕಲೀತಾವೋ.

ಅವರನ್ನ ಎಲ್ಲರೂ ಪಾ ಅಂತ ಕರೀತಿದ್ರು. ನಾನು ಅದು ಅವರ ಹೆಸರು ಅಂದ್ಕೊಂಡಿದ್ದೆ. ಆಮೇಲೆ ತಿಳೀತು, ಪಾ ಅಂದ್ರೆ ದೊಡ್ಡಮ್ಮ, ಅಪ್ಪನ ಅಕ್ಕನಿಗೂ ಅದೇ. ಇಲ್ಲಿ ನಮ್ಮ ಹಾಗೇ ಗುರುತಿಲ್ಲದವರನ್ನೂ ಸಂಬಂಧ ಹಚ್ಚೇ ಕರೆಯೋದು. ನಮಗಿಂತ ದೊಡ್ಡವರು ಪೀ, ಅಣ್ಣ ಆದ್ರೂ ಅಕ್ಕ ಆದ್ರೂ, ಚಿಕ್ಕವರು ನೋಂಗ್. ಬಸ್ ಕಂಡಕ್ಟರ್, ಹೋಟೆಲ್ ಸರ್ವರ್, ಆಫೀಸಿನ ಮ್ಯಾನೇಜರ್ ಕೂಡ. ಸಲಿಗೆ ಇಲ್ಲದ ಕಡೆ ಮರ್ಯಾದೆಗೆ ಖುನ್, ನಮ್ಮಲ್ಲಿ ಮೇಡಂ ಅಂದ ಹಾಗೆ. ಪಾ ನನ್ನನ್ನ ಒಂದು ವರ್ಷ ಖುನ್ ಅಂದ್ರು. ಒಂದು ದಿನ ಚಿಲ್ಲರೆ ಕೊಡ್ತಾ ಏನೋ ನೆನಪಲ್ಲಿ ನೋಂಗ್ ಅಂದ್ರು. ಅಂಗಡಿ ಶೆಟ್ರು ಮೇಡಂ ಬಿಟ್ಟು ತಂಗೀ ಅಂದ ಹಾಗೆ. ನಾನು ಮನೆಗೆ ಬಂದು ಅದನ್ನ ಡೈರಿಯಲ್ಲಿ ತಾರೀಖು ಹಾಕಿ ಬರೆದಿಟ್ಟೆ.

ಭಾಷೆ ಕಲಿತಿದ್ದು ನನಗೆ ಈ ಊರು ಕೊಟ್ಟ ದೊಡ್ಡ ಸಂತೋಷ. 44 ವ್ಯಂಜನ, ದನಿಯಲ್ಲಿ ಐದು ಬಗೆಯ ಏರಿಳಿತ, ಪದಗಳ ಮಧ್ಯೆ ಜಾಗ ಬಿಡದೆ ಬರೆಯೋದು, ಮೊದಲು ನೋಡಿದಾಗ ಜಿಲೇಬಿ ಅನ್ಸುತ್ತೆ. ಆದ್ರೆ ಅವರ ಲಿಪಿಯೂ ಕೊನೆಗೆ ಬ್ರಾಹ್ಮಿಯ ವಂಶವೇ, ಕ ಖ ಗ ಕ್ರಮದಲ್ಲೇ ಕಲಿಸ್ತಾರೆ, ಸಂಸ್ಕೃತದ ಪದಗಳನ್ನ ಉಚ್ಚಾರ ಬದಲಾದ್ರೂ ಹಳೇ ಸ್ಪೆಲ್ಲಿಂಗಲ್ಲೇ ಉಳಿಸ್ಕೊಂಡಿದಾರೆ. ಏರ್‌ಪೋರ್ಟ್ ಬೋರ್ಡಲ್ಲಿ ಅಕ್ಷರ ಅಕ್ಷರ ಕೂಡಿಸಿದ್ರೆ ಸುವರ್ಣಭೂಮಿ, ಓದೋದು ಸುವನ್ನಪೂಮ್. ಟೆಲಿಫೋನಿಗೆ ತೊರಸಪ್, ಅದು ದೂರ ಶಬ್ದ. ಟೈಮಿಗೆ ವೇಲಾ, ನಮ್ಮ ವೇಳೆ. ಸಸ್ಯಾಹಾರಕ್ಕೆ ಮಂಗ್ಸವಿರತ್, ಮಾಂಸ ವಿರತಿ. ಇದನ್ನ ಗೊತ್ತು ಮಾಡ್ಕೊಂಡ ದಿನದಿಂದ ಹೊರಗೆ ಊಟ ಮಾಡೋದು ಸುಲಭ ಆಯ್ತು, ಆದ್ರೂ ನಾಮ್ ಪ್ಲಾ ಅನ್ನೋ ಮೀನಿನ ಸಾಸ್ ಯಾವುದರಲ್ಲಿ ಇಲ್ಲ ಅಂತ ಕೇಳ್ಬೇಕು, ಪಪ್ಪಾಯಿ ಕೋಸಂಬರಿಗೂ ಹಾಕ್ತಾರೆ. ವರ್ಷಕ್ಕೊಮ್ಮೆ ಒಂಬತ್ತು ದಿನ ಚೀನೀ ಮೂಲದವರ ಜೇ ವ್ರತ ಬರುತ್ತೆ, ಬೀದಿ ತುಂಬಾ ಹಳದಿ ಬಾವುಟ, ಮಾಂಸ ಮೊಟ್ಟೆ ಹಾಲು ಅಷ್ಟೇ ಅಲ್ಲ ಈರುಳ್ಳಿ ಬೆಳ್ಳುಳ್ಳಿ ಕೂಡ ಬಿಟ್ಟಿರ್ತಾರೆ, ಆ ಒಂಬತ್ತು ದಿನ ನನಗೆ ಊರಿಡೀ ನಮ್ಮ ಮಠದ ಅಡುಗೆಮನೆ.

ಕಲಿಯುವಾಗ ಒಂದು ಪದದಲ್ಲಿ ನಾನು ಬಹಳ ದಿನ ಎಡವಿದೆ. ಕ್ಲಾಯ್. ಸಮ ದನಿಯಲ್ಲಿ ಹೇಳಿದ್ರೆ ದೂರ, ಮೇಲಿಂದ ಇಳಿಸಿ ಹೇಳಿದ್ರೆ ಹತ್ತಿರ. ನಿನ್ನ ಊರು ದೂರಾನಾ ಅಂತ ಪಾ ಕೇಳಿದಾಗ ನಾನು ದೂರ ಅಂತ ಹೇಳೋಕೆ ಹೋಗಿ ಹತ್ತಿರ ಅಂದ್ಬಿಟ್ಟೆ. ಅವರು ಅದನ್ನ ಹಾಗೇ ನಂಬಿ ಇವಳ ಊರು ಹತ್ತಿರಾನೇ ಅಂತ ಎಲ್ಲರಿಗೂ ಹೇಳ್ಕೊಂಡು ಬಂದ್ರು. ನಾನು ತಿದ್ದೋಕೆ ಹೋಗ್ಲಿಲ್ಲ. ಲೆಕ್ಕ ಹಾಕಿದ್ರೆ ಸುಳ್ಳೂ ಅಲ್ಲ, ಬೆಂಗಳೂರಿಗೆ ನಾಲ್ಕು ಗಂಟೆ ಫ್ಲೈಟು, ಗಡಿಯಾರದಲ್ಲಿ ಒಂದೂವರೆ ಗಂಟೆ ವ್ಯತ್ಯಾಸ. ಬೆಂಗಳೂರಿಂದ ತೀರ್ಥಹಳ್ಳಿಗೆ ಬಸ್ಸಲ್ಲಿ ಹೋಗೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಕಷ್ಟ ಇರೋದು ಕಾಗದದಲ್ಲಿ. ಇದನ್ನ ದೂರು ಅಂತ ಹೇಳ್ತಿಲ್ಲ, ಯಾವ ದೇಶಕ್ಕಾದ್ರೂ ಅದರ ಕಾನೂನು ಇರ್ಲೇಬೇಕು, ಆದ್ರೆ ಅದರ ಜೊತೆ ಬದುಕೋದು ಹೇಗಿರುತ್ತೆ ಅಂತ ಊರಲ್ಲಿರೋರಿಗೆ ಗೊತ್ತಿರಲ್ಲ. ವರ್ಷ ವರ್ಷ ವೀಸಾ ಎಕ್ಸ್‌ಟೆನ್ಷನ್, 1,900 ಬಾತ್. ಮಧ್ಯೆ ಊರಿಗೆ ಹೋಗ್ಬೇಕಾದ್ರೆ ಮೊದಲೇ ರೀಎಂಟ್ರಿ ಪರ್ಮಿಟ್ ತಗೋಬೇಕು, ಮರೆತು ವಿಮಾನ ಹತ್ತಿದ್ರೆ ವೀಸಾನೇ ರದ್ದು. ಪ್ರತಿ 90 ದಿನಕ್ಕೆ ನಾನು ಇದೇ ವಿಳಾಸದಲ್ಲಿ ಇದೀನಿ ಅಂತ ವರದಿ ಕೊಡ್ಬೇಕು. 2018ರಲ್ಲಿ ನನಗೆ ಕೆಲಸ ಸಿಕ್ಕಿ ನನ್ನದೇ ಹೆಸರಿನ ನೀಲಿ ಬಣ್ಣದ ವರ್ಕ್ ಪರ್ಮಿಟ್ ಪುಸ್ತಕ ಬಂದಾಗ ಅದರ ಮೇಲಿನ ಥಾಯ್ ಅಕ್ಷರ ಓದಿದೆ, ಅನುಯಾತ್ ಅಂತಿತ್ತು, ನಮ್ಮ ಅನುಜ್ಞೆ. ಇಷ್ಟು ವರ್ಷ ಬೇರೆಯವರ ಪುಸ್ತಕದಲ್ಲಿ ಒಂದು ಸಾಲಾಗಿದ್ದವಳಿಗೆ ಅವತ್ತು ಎಷ್ಟು ಖುಷಿ ಆಗಿತ್ತು ಅಂದ್ರೆ ಆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿದ್ದೆ. ಆದ್ರೂ ಕೆಲಸ ಹೋದ್ರೆ ವೀಸಾನೂ ಅದರ ಜೊತೆಗೇ ಹೋಗುತ್ತೆ, ಅದು ತಲೆಯ ಒಂದು ಮೂಲೇಲಿ ಯಾವಾಗ್ಲೂ ಇರುತ್ತೆ. ಜಮೀನು ನಮ್ಮ ಹೆಸರಿಗೆ ಆಗಲ್ಲ, ಕಾಂಡೋ ಬೇಕಾದ್ರೆ ತಗೋಬಹುದು, ಅದೂ ಆ ಬಿಲ್ಡಿಂಗಿನ ಒಟ್ಟು ಜಾಗದಲ್ಲಿ ವಿದೇಶಿಯರದ್ದು ಶೇಕಡ 49 ಮೀರಬಾರದು. ಶಾಶ್ವತ ವಾಸಕ್ಕೆ ಅರ್ಜಿ ಹಾಕಿದ್ರೆ ಒಂದು ದೇಶದವರಿಗೆ ವರ್ಷಕ್ಕೆ ಬರೀ 100 ಜನರ ಕೋಟಾ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತಾರಲ್ಲ, ಎಷ್ಟೋ ಸಲ ಕ್ಯೂನಲ್ಲಿ ಟೋಕನ್ ಹಿಡಿದು ಕೂತಾಗ ಅದೇ ಗಾದೆ ನೆನಪಾಗಿದೆ, ಆದ್ರೆ ಅಕ್ಕಿಯನ್ನ ಕಾಪಾಡ್ಕೊಳ್ಳೋ ಹಕ್ಕು ಮನೆಯವರಿಗೆ ಇರುತ್ತೆ ಅನ್ನೋದೂ ನೆನಪಾಗಿದೆ.

ಊರಿನ ದೊಡ್ಡ ದೊಡ್ಡ ಸಂಗತಿಗಳನ್ನೂ ನೋಡಿದೆ. 2014ರ ಮೇ 22ಕ್ಕೆ ಸೇನೆ ಅಧಿಕಾರ ತಗೊಂಡಾಗ ರಾತ್ರಿ ಹತ್ತರಿಂದ ಬೆಳಗ್ಗೆ ಐದರ ತನಕ ಕರ್ಫ್ಯೂ, ಅಷ್ಟು ಜಗಮಗ ಅನ್ನೋ ಊರು ಒಂಬತ್ತೂವರೆಗೇ ಬಾಗಿಲು ಹಾಕ್ಕೊಂಡಿದ್ದು ಮರೆಯೋಕಾಗಲ್ಲ. 2016ರ ಅಕ್ಟೋಬರ್ 13ಕ್ಕೆ ರಾಜ ಭೂಮಿಬೋಲ್ ತೀರಿಕೊಂಡ್ರು, 70 ವರ್ಷ ಆಳಿದವರು. ಊರೆಲ್ಲಾ ಕಪ್ಪು ಬಟ್ಟೆ, ಅಂಗಡೀಲಿ ಕಪ್ಪು ಬಟ್ಟೆ ಖಾಲಿಯಾಗಿ ರಸ್ತೆ ಬದೀಲಿ ಹಂಡೆ ಇಟ್ಟು ಹಳೇ ಬಟ್ಟೆಗೆ ಕಪ್ಪು ಬಣ್ಣ ಹಾಕಿ ಕೊಡ್ತಿದ್ರು. ಪಾ ಗಾಡಿ ಹತ್ರ ಕೂತು ಅಳ್ತಿದ್ರು. ನಾನೂ ಒಂದು ಚೂಡಿದಾರಕ್ಕೆ ಬಣ್ಣ ಹಾಕಿಸ್ಕೊಂಡು ಬಂದೆ, ಮನೇಲಿ ಸಾವಾದಾಗ ನೆಂಟರು ಬಣ್ಣದ ಬಟ್ಟೆ ಹಾಕ್ಕೊಂಡು ಓಡಾಡಲ್ಲ.

2020ರ ಜುಲೈ ಕೊನೇ ವಾರ, ಶ್ರಾವಣದ ಷಷ್ಠಿ, ಅಪ್ಪ ಹೋದ್ರು. ಹೃದಯಾಘಾತ. ತೋಟದಿಂದ ಬಂದು ಜಗಲಿ ಮೇಲೆ ಕೂತವರು ಎದ್ದಿಲ್ಲ. ಆಗ ಮಾಮೂಲಿ ವಿಮಾನ ಇಲ್ಲ, ವಂದೇ ಭಾರತ್ ಅಂತ ಸರ್ಕಾರ ಬಿಡ್ತಿದ್ದ ವಿಶೇಷ ವಿಮಾನ ಮಾತ್ರ, ನಮಗೆ ಸಿಗೋ ಮುಂದಿನದ್ದು ಒಂಬತ್ತು ದಿನ ಆದ್ಮೇಲೆ ಇತ್ತು, ಹೋದ್ರೂ ಅಲ್ಲಿ ಕ್ವಾರಂಟೈನ್, ವಾಪಸ್ ಬರೋಕೆ ಥಾಯ್ ರಾಯಭಾರ ಕಚೇರಿಯ ಪತ್ರ, ಬಂದ್ಮೇಲೆ ಹೋಟೆಲಲ್ಲಿ 14 ದಿನ, ಐದು ವರ್ಷದ ಮಗ. ಹೋಗ್ಲಿಲ್ಲ. ಹೋಗ್ಬೇಕಿತ್ತು ಅಂತ ಇವತ್ತಿಗೂ ಅನ್ಸುತ್ತೆ, ಯಾರೂ ನನ್ನನ್ನ ತಪ್ಪು ಅಂದಿಲ್ಲ, ಆದ್ರೂ ಅನ್ಸುತ್ತೆ. ತಮ್ಮ ಫೋನನ್ನ ಯಾರದೋ ಕೈಲಿ ಕೊಟ್ಟಿದ್ದ, ತೋಟದ ಮಧ್ಯೆ ನೆಟ್‌ವರ್ಕ್ ಬಂದು ಬಂದು ಹೋಗ್ತಿತ್ತು, ನಾನು ನೋಡಿದ್ದು ಅಡಿಕೆ ಮರದ ತುದಿ, ಹೊಗೆ, ಯಾರದೋ ಕೊಡೆ, ಮತ್ತೆ ಸುತ್ತುತಾ ಇರೋ ಒಂದು ಚಕ್ರ.

ನಾಲ್ಕು ದಿನ ಕೆಳಗೆ ಇಳಿದಿರ್ಲಿಲ್ಲ. ಐದನೇ ದಿನ ಪಾ ತಾವೇ ಮೇಲೆ ಬಂದ್ರು, ಸೆಕ್ಯುರಿಟಿಯವನಿಂದ ವಿಷಯ ತಿಳಿದಿತ್ತು. ಏನೂ ಸಮಾಧಾನ ಹೇಳ್ಲಿಲ್ಲ. ನಾಳೆ ಬೆಳಗ್ಗೆ ಆರಕ್ಕೆ ತಯಾರಾಗಿರು, ವಾಟ್‌ಗೆ ಹೋಗೋಣ, ಅಪ್ಪನ ಹೆಸರು ಏನು ಅಂದ್ರು. ನಮ್ಮ ಹತ್ತಿರದ ವಾಟ್ ಮಹಾಬುತ್‌ಗೆ ಕರ್ಕೊಂಡು ಹೋದ್ರು. ಅದು ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲೋ ಕಾಲ, ನಮ್ಮ ಸ್ವಾಮಿಗಳ ಚಾತುರ್ಮಾಸದ ಹಾಗೆ. ದಾರೀಲಿ ಒಂದು ಹಳದಿ ಬಕೆಟ್ ತಗೊಂಡ್ರು, ಒಳಗೆ ಸೋಪು, ಟೂತ್‌ಪೇಸ್ಟ್, ಕಾವಿ ಬಟ್ಟೆ, ಔಷಧಿ, ಅಂಗಡೀಲೇ ಕಟ್ಟಿಟ್ಟಿರ್ತಾರೆ, ಅದಕ್ಕೆ ಸಂಖತಾನ್ ಅಂತಾರೆ, ಸಂಘದಾನ. ದುಡ್ಡು ನಾನು ಕೊಡ್ತೀನಿ ಅಂದ್ರೆ ಅರ್ಧ ನೀನು ಅರ್ಧ ನಾನು, ಇಬ್ಬರಿಗೂ ಪುಣ್ಯ ಬರ್ಲಿ ಅಂದ್ರು, ಇಲ್ಲಿ ಪುಣ್ಯಕ್ಕೆ ಬುನ್ ಅಂತಾರೆ. ಒಂದು ಚೀಟಿಯ ಮೇಲೆ ಅಪ್ಪನ ಹೆಸರನ್ನ ನಾನು ಥಾಯ್ ಅಕ್ಷರದಲ್ಲಿ ಬರೆದೆ. ಅಪ್ಪನ ಹೆಸರನ್ನ ಆ ಲಿಪಿಯಲ್ಲಿ ಬರೆಯೋ ಸಂದರ್ಭ ಅದಕ್ಕೂ ಮುಂಚೆ ಬಂದಿರ್ಲಿಲ್ಲ.

ಭಿಕ್ಷುಗಳು ಪಾಳಿ ಭಾಷೆಯಲ್ಲಿ ಹೇಳೋಕೆ ಶುರು ಮಾಡಿದಾಗ ಪಾ ನನ್ನ ಕೈಗೆ ಒಂದು ಪುಟ್ಟ ಹಿತ್ತಾಳೆ ಚೊಂಬು ಕೊಟ್ಟು ಕೆಳಗೆ ಬಟ್ಟಲಿಟ್ರು, ನೀರನ್ನ ಧಾರೆ ಕಡೀದ ಹಾಗೆ ಸಣ್ಣಗೆ ಬಿಡು ಅಂದ್ರು. ನನಗೆ ಕಿವಿಗೆ ಬಿದ್ದಿದ್ದು ವಾರಿ, ಸಾಗರ, ಪೇತ ಇಷ್ಟೇ. ಆಮೇಲೆ ಅರ್ಥ ಕೇಳಿದೆ, ತುಂಬಿ ಬರೋ ನದಿಗಳು ಸಮುದ್ರ ತುಂಬಿಸೋ ಹಾಗೆ ಇಲ್ಲಿ ಕೊಟ್ಟಿದ್ದು ಹೋದವರಿಗೆ ಮುಟ್ಟಲಿ ಅಂತ. ಊರಲ್ಲಿ ಅದೇ ಹೊತ್ತಿಗೆ ತಮ್ಮ ಎಳ್ಳು ನೀರು ಬಿಡ್ತಿದ್ದ. ನಮ್ಮನೇಲಿ ಹೆಣ್ಣುಮಕ್ಕಳು ಬಿಡಲ್ಲ, ಒಳಗೆ ಅಡುಗೆಮನೇಲಿ ಇರ್ತಾರೆ. ನಾನು ಊರಲ್ಲಿ ಇದ್ದಿದ್ರೆ ವಡೆ ಕರೀತಾ ಇರ್ತಿದ್ದೆ. ಇಲ್ಲಿ, ನನ್ನದಲ್ಲದ ಊರಲ್ಲಿ, ನನ್ನದಲ್ಲದ ಭಾಷೆಯಲ್ಲಿ, ನನ್ನ ಅಪ್ಪನಿಗೆ ನಾನೇ ಕೈಯಾರೆ ನೀರು ಬಿಟ್ಟೆ. ಬಟ್ಟಲಿನ ನೀರನ್ನ ಹೊರಗೆ ತಂದು ಮರದ ಬುಡಕ್ಕೆ ಹುಯ್ದು ಬಂದ್ವಿ. ಚೀಟಿ ಸುಟ್ರು. ಪಾ ಪಕ್ಕದಲ್ಲಿ ನಿಂತು, ನಿನ್ನ ಊರು ಹತ್ತಿರಾನೇ ಅಲ್ವಾ, ಬೇಗ ಮುಟ್ಟುತ್ತೆ ಅಂದ್ರು.

ಇದಾದ್ಮೇಲೆ ನಾನು ಖ್ಯಾಕ್ ಅನ್ನೋ ಪದಕ್ಕೆ ಕೋಪ ಮಾಡ್ಕೊಂಡಿಲ್ಲ.

ಕಳೆದ 2025ರ ಮಾರ್ಚ್ 28, ಶುಕ್ರವಾರ, ಮಧ್ಯಾಹ್ನ 1:20. ನನ್ನ ಆಫೀಸು ಅಸೋಕ್ ಹತ್ರ, 24ನೇ ಮಹಡಿ. ಮೊದಲು ತಲೆ ಸುತ್ತಿದ ಹಾಗಾಯ್ತು, ಬಿಪಿ ಅಂದ್ಕೊಂಡೆ. ಆಮೇಲೆ ಕಿಟಕಿಯ ಬ್ಲೈಂಡ್ಸ್ ತಾವಾಗೇ ತೂಗೋಕೆ ಶುರುವಾಯ್ತು, ಗೋಡೆ ಒಳಗಿಂದ ದೋಣಿ ಕಿರುಗುಟ್ಟೋ ಸದ್ದು. ಭೂಕಂಪದ ಕೇಂದ್ರ ಮ್ಯಾನ್ಮಾರಿನ ಸಗಾಯಿಂಗ್, ಇಲ್ಲಿಂದ ಸುಮಾರು ಸಾವಿರ ಕಿಲೋಮೀಟರ್ ದೂರ, ತೀವ್ರತೆ 7.7. ಅಷ್ಟು ದೂರದ್ದು ಇಲ್ಲಿ ಹೀಗೆ ಅಲ್ಲಾಡಿಸೋಕೆ ಕಾರಣ ಬ್ಯಾಂಕಾಕಿನ ಮಣ್ಣು, ಚಾವೊ ಪ್ರಾಯ ನದಿ ತಂದು ಹಾಕಿದ ಮೆತ್ತನೆ ಜೇಡಿಯ ಮೇಲೆ ಊರು ಕೂತಿದೆ, ನಿಧಾನದ ಅಲೆಗಳು ಬಂದ್ರೆ ಆ ಜೇಡಿ ಅದನ್ನ ದೊಡ್ಡದು ಮಾಡುತ್ತೆ, ಎತ್ತರದ ಕಟ್ಟಡಗಳು ತೊನೆಯುತ್ತೆ. 24 ಮಹಡಿ ಮೆಟ್ಟಿಲು ಇಳಿದ್ವಿ, ಎದುರು ಕಟ್ಟಡದ ಮೇಲಿನ ಸ್ವಿಮ್ಮಿಂಗ್ ಪೂಲಿಂದ ನೀರು ಜಲಪಾತದ ಹಾಗೆ ರಸ್ತೆಗೆ ಬೀಳ್ತಿತ್ತು. ಚತುಚಕ್ ಕಡೆ ಕಟ್ಟುತಿದ್ದ 30 ಮಹಡಿಯ ಸರ್ಕಾರಿ ಕಟ್ಟಡ ಕುಸಿದು ಕೆಲಸದವರು ಅಡಿಯಲ್ಲಿ ಸಿಕ್ಕಿಕೊಂಡಿದಾರೆ ಅಂತ ಅರ್ಧ ಗಂಟೇಲಿ ಸುದ್ದಿ ಬಂತು. ಕಟ್ಟೋ ಕೆಲಸಕ್ಕೆ ಇಲ್ಲಿ ಬರೋರು ಬಹಳ ಜನ ಮ್ಯಾನ್ಮಾರಿನವರು, ಅವರೂ ಈ ಊರಿಗೆ ನನ್ನ ಹಾಗೆ ಬಂದವರೇ, ಆದ್ರೆ ಅವರ ನೆಂಟಸ್ತಿಕೆಗೆ ನನ್ನಷ್ಟು ಮರ್ಯಾದೆ ಯಾವತ್ತೂ ಸಿಕ್ಕಿಲ್ಲ. ಅವತ್ತಿಂದ ನನ್ನ ಕಷ್ಟಗಳನ್ನ ಹೇಳ್ಕೊಳ್ಳುವಾಗ ಅವರ ನೆನಪು ಬಂದು ನಾಲಿಗೆ ತಡೆಯುತ್ತೆ.

ಟ್ರೈನು ಎಲ್ಲಾ ನಿಂತಿತ್ತು, ಫೋನ್ ಹೋಗ್ತಿಲ್ಲ, ನಮ್ಮನೆಯವರು ಕೆಲಸದ ಮೇಲೆ ರಯೋಂಗ್‌ನಲ್ಲಿ, ಮಗ ಸ್ಕೂಲಲ್ಲಿ. ಬಿಸಿಲಲ್ಲಿ ಸಾವಿರಾರು ಜನದ ಜೊತೆ ಸುಖುಮ್ವಿತ್ ರಸ್ತೆ ಹಿಡಿದು ನಡೆಯೋಕೆ ಶುರು ಮಾಡಿದೆ, ಫ್ರೋಮ್ ಪೋಂಗ್, ಥೋಂಗ್ ಲೋ, ಎಕ್ಕಮಾಯ್, ಫ್ರ ಖನೋಂಗ್. ತಲೆ ಮೇಲೆ ಖಾಲಿ ಹಳಿ. ಎರಡು ಗಂಟೆ ನಡೆದು ಸೋಯ್‌ಗೆ ಬಂದ್ರೆ ಪಾ ಗಾಡಿ ಪಕ್ಕದ ಪ್ಲಾಸ್ಟಿಕ್ ಸ್ಟೂಲ್ ಮೇಲೆ ನನ್ನ ಮಗ ಯೂನಿಫಾರ್ಮಲ್ಲೇ ಕೂತು ಐಸ್ ಕ್ಯಾಂಡಿ ತಿಂತಿದ್ದ. ಪಾ ಅಳಿಯ ಮೋಟರ್‌ಸೈಕಲ್ ಟ್ಯಾಕ್ಸಿ ಓಡಿಸ್ತಾನೆ, ಅವನ ಹಿಂದೆ ಪಾ ತಾವೇ ಕೂತು ಹೋಗಿ ಕರ್ಕೊಂಡು ಬಂದಿದ್ರು. ಸ್ಕೂಲಲ್ಲಿ ಬಿಟ್ಟಿದ್ದು ಹೇಗೆ ಅಂದ್ರೆ, ತುರ್ತಿಗೆ ಯಾರನ್ನ ಕರೀಬೇಕು ಅಂತ ಅಡ್ಮಿಷನ್ ಫಾರ್ಮಲ್ಲಿ ಒಂದು ಕಾಲಂ ಇತ್ತು. ಇಲ್ಲಿ ನಮಗೆ ಯಾರಿದಾರೆ ಅಂತ ಬಹಳ ಹೊತ್ತು ಪೆನ್ ಹಿಡ್ಕೊಂಡು ಕೂತು ಕೊನೆಗೆ ಪಾ ಹೆಸರು ನಂಬರು ಬರೆದಿದ್ದೆ. ಸಂಬಂಧ ಅನ್ನೋ ಕಡೆ ದೊಡ್ಡಮ್ಮ ಅಂತ ಬರೆದಿದ್ದೆ. ಅದನ್ನ ಬರೆಯುವಾಗ ಸುಳ್ಳು ಬರೀತಿದೀನಿ ಅನ್ನೋ ಅಳುಕಿತ್ತು.

ಅಮ್ಮನಿಗೆ ಕಾಲ್ ಸಿಕ್ಕಿದ್ದು ಸಂಜೆ. ಟಿವಿಯಲ್ಲಿ ಆ ಕಟ್ಟಡ ಬೀಳೋದನ್ನೇ ನೂರು ಸಲ ತೋರಿಸಿದ್ರಂತೆ, ಅಮ್ಮ ಮಧ್ಯಾಹ್ನದ ಊಟ ಮಾಡದೆ ಫೋನ್ ಮುಂದೆ ಕೂತಿದ್ರು. ನಾನು ಇಷ್ಟು ವರ್ಷ ಅವರ ಚಿಂತೆ ಮಾಡ್ತಿದೀನಿ ಅಂದ್ಕೊಂಡಿದ್ದೆ, ರಾತ್ರಿ ಫೋನ್ ರಿಂಗ್ ಆದ್ರೆ ಎದೆ ಹೊಡ್ಕೊಳ್ಳೋದು ನನಗೆ ಮಾತ್ರ ಅಂದ್ಕೊಂಡಿದ್ದೆ. ಫೋನ್ ಅಲ್ಲೂ ರಿಂಗ್ ಆಗುತ್ತೆ ಅನ್ನೋದನ್ನ ಯೋಚನೆ ಮಾಡಿರ್ಲಿಲ್ಲ.

ಮಗ ಹುಟ್ಟಿದ್ದು ಇಲ್ಲೇ, 2015ರಲ್ಲಿ. ಇಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮಂಥವರ ಮಕ್ಕಳು ಇಲ್ಲಿಯವರಾಗಲ್ಲ, ಅವನದ್ದು ಇಂಡಿಯಾ ಪಾಸ್‌ಪೋರ್ಟು, ನಮ್ಮ ಹಾಗೇ ವೀಸಾ. ಆದ್ರೆ ಅವನ ನಾಲಿಗೆಗೆ ಇದು ಗೊತ್ತಿಲ್ಲ. ಅಜ್ಜಿ ಹತ್ರ ಮಾತಾಡುವಾಗ ಊಟ ಆಯ್ತು ಕ್ರಾಪ್, ನಾಳೆ ಪರೀಕ್ಷೆ ಕ್ರಾಪ್ ಅಂತಾನೆ, ಗಂಡುಮಕ್ಕಳು ಮರ್ಯಾದೆಗೆ ವಾಕ್ಯದ ಕೊನೇಲಿ ಹಚ್ಚೋದು ಅದು. ಅಮ್ಮ ಮೊದಲು ಏನೋ ಅದು ಕ್ರಾಪು ಅಂತ ಕೇಳಿದ್ರು, ರೀ ಅಂದ ಹಾಗೆ ಅಂದೆ, ಈಗ ಅವನು ಹೇಳದಿದ್ರೆ ಇವತ್ತು ಕ್ರಾಪ್ ಎಲ್ಲಿ ಅಂತ ಅವರೇ ಕೇಳ್ತಾರೆ. ನನಗೆ ಒಳಗೆ ಒಂದು ಹೆದರಿಕೆ ಇದೆ. ಅವನು ಕನ್ನಡ ಮಾತಾಡ್ತಾನೆ, ಓದೋಕೆ ಬರಲ್ಲ. ಭಾನುವಾರ ಒಂದು ಗಂಟೆ ಕೂರಿಸಿ ಕಲಿಸ್ತೀನಿ, ಒತ್ತಕ್ಷರ ಬಂದ ಕೂಡ್ಲೇ ನೀರು ಕುಡಿಯೋಕೆ ಏಳ್ತಾನೆ. ಲೋಯ್ ಕ್ರಥೋಂಗ್ ದಿನ ಬಾಳೆ ದಿಂಡಿನ ಮೇಲೆ ದೀಪ ಇಟ್ಟು ನೀರಿಗೆ ಬಿಡುವಾಗ ನಾನು ಅವನಿಗೆ ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆ, ತುಂಗೆಯ ತೆಪ್ಪೋತ್ಸವ ಎಲ್ಲಾ ಹೇಳ್ತೀನಿ. ಅವನು ಕೇಳಿಸ್ಕೊತಾನೆ. ಅವನಿಗೆ ನೆನಪಲ್ಲಿ ಉಳಿಯೋ ನದಿ ಯಾವುದು ಅಂತ ನಾನು ತೀರ್ಮಾನ ಮಾಡೋಕಾಗಲ್ಲ.

ಊರಿಗೆ ಹೋದ್ರೆ ಮತ್ತೆ ನಾನು ನೆಂಟಳೇ. ಅಮ್ಮ ಬೀರುವಿಂದ ಹೊಸ ಟವೆಲ್ ತೆಗೀತಾರೆ, ಕೆಸುವಿನ ಪತ್ರೊಡೆ ಹೋದ ದಿನಾನೇ ಮಾಡಿರ್ತಾರೆ, ತಮ್ಮನ ಹೆಂಡ್ತಿ ಪಾತ್ರೆ ತೊಳೆಯೋಕೆ ಬಿಡಲ್ಲ, ಬಿಡಿ ಅಕ್ಕ ನಾಲ್ಕು ದಿನಕ್ಕೆ ಬಂದಿರ್ತೀರ ಅಂತಾಳೆ. ಮಿಕ್ಸಿ ಜಾರ್ ಎಲ್ಲಿದೆ ಅಂತ ಕೇಳ್ಬೇಕಾಗುತ್ತೆ. ಎರಡು ವಾರ ಆಗೋ ಹೊತ್ತಿಗೆ ಬಂದವರೆಲ್ಲಾ ಯಾವಾಗ ಹೊರಡೋದು ಅಂತಾರೆ, ಪ್ರೀತಿಯಿಂದಾನೇ ಕೇಳ್ತಾರೆ. ಈ ಸಲ ಬ್ಯಾಂಕಾಕಿಗೆ ವಾಪಸ್ ಬಂದು ಸೂಟ್‌ಕೇಸ್ ಎಳ್ಕೊಂಡು ಸೋಯ್ ಒಳಗೆ ಬರ್ತಿದ್ದಾಗ ಪಾ ಕಾವಲಿಯಿಂದ ತಲೆ ಎತ್ತಿ ಮನೆಗೆ ಬಂದ್ಯಾ ಅಂದ್ರು. ಬಂದೆ ಪಾ ಅಂದೆ. ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಲ್ಲಿ ಒಂದು ಸಣ್ಣ ಡಬ್ಬ ಅವರ ಪಾಲು, ಅನ್ನಕ್ಕೆ ಅಲ್ಲ, ಹಸಿ ಮಾವಿನಕಾಯಿ ಜೊತೆ ನಂಚ್ಕೊತಾರೆ.

ಮೊನ್ನೆ 90 ದಿನದ ವರದಿ ಕೊಟ್ಟು ಬಂದೆ. ರಸೀದಿ ಮೇಲೆ ಮುಂದಿನ ತಾರೀಖು ಆಗಸ್ಟಿನ ಮೂರನೇ ವಾರ ಬಿದ್ದಿದೆ. ಈ ವರ್ಷ ಜ್ಯೇಷ್ಠ ಅಧಿಕ ಬಂದಿರೋದ್ರಿಂದ ಅಪ್ಪನ ಷಷ್ಠಿಯೂ ಅದೇ ವಾರಕ್ಕೆ ಬರುತ್ತೆ ಅಂತ ಅಮ್ಮ ಪಂಚಾಂಗ ನೋಡಿ ಹೇಳಿದ್ರು. ತಮ್ಮ ಊರಲ್ಲಿ ಮಾಡ್ತಾನೆ. ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿದೀನಿ, ಬೆಳಗ್ಗೆ ಆರಕ್ಕೆ ವಾಟ್‌ಗೆ ಹೋಗ್ಬೇಕು, ಈ ಸಲ ಮಗನೂ ಬರ್ತೀನಿ ಅಂದಿದಾನೆ. ಹಿತ್ತಾಳೆ ಚೊಂಬು ಪಾ ಮನೇಲೇ ಇದೆ, ಹುಣಸೆಹಣ್ಣು ಹಾಕಿ ತಿಕ್ಕಿಡೋಕೆ ಹಿಂದಿನ ದಿನ ನೆನಪು ಮಾಡು ಅಂದಿದಾರೆ.